ಚೆನ್ನಾಜತ್ತೆಯ ಶ್ಯಾವಿಗೆ ಒರಳು

ಹಬ್ಬಕ್ಕೆ ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಡುವಾಗಲೇ ನಮ್ಮ ಸೋದರತ್ತೆ ಚೆನ್ನಾಜಮ್ಮ ಒಂದು ಕೆಲಸವನ್ನೂ ಕೊಟ್ಟುಬಿಡುತ್ತಿದ್ದರು. ಅದೂ ಒಬ್ಬರಿಂದ ಆಗದ ಕೆಲಸ. ಮಾತು ಬಿಟ್ಟ ಇಬ್ಬರು ಯಾರೆಂದು ಹೊಸಿಲಿನಲ್ಲೇ ಮುಖ ನೋಡಿ ತಿಳಿದು, ಅವರಿಬ್ಬರನ್ನೇ ಜೊತೆ ಹಾಕುತ್ತಿದ್ದರು. ಗೌರಿ ಪೂಜೆಗೆ ಯಾರು ಮೊದಲು ಕೂರಬೇಕೆಂದು ಮುನಿಸಿಕೊಂಡ ಓರಗಿತ್ತಿಯರಿಬ್ಬರಿಗೆ ಒಗೆದ ಜಮಖಾನದ ಎರಡು ತುದಿ ಹಿಡಿಸಿ ಹಿಂಡಿಸಿದ್ದನ್ನು ನಾನೇ ಕಂಡಿದ್ದೇನೆ. ತಪ್ಪು ಯಾರದೆಂದು ಅವರು ವಿಚಾರಿಸುತ್ತಿರಲಿಲ್ಲ. “ನ್ಯಾಯ ಆಮ್ಯಾಕೆ ಮಾಡನ, ಮೊದ್ಲು ಉಣ್ಣನ” ಎನ್ನುವರು. ಆ ‘ಆಮ್ಯಾಕೆ’ ಎಂದೂ ಬರಲಿಲ್ಲವೆಂಬುದು ಅವರ ಮೇಲೆ ನನಗಿರುವ ಒಂದೇ ಆಕ್ಷೇಪ.

ಅವರ ಮನೆಯಿದ್ದದ್ದು ತೆರಕಣಾಂಬಿಯಲ್ಲಿ. ಚಾಮರಾಜನಗರದ ನಮಗೂ ಗುಂಡ್ಲುಪೇಟೆಗೆ ಕೊಟ್ಟಿದ್ದ ನಮ್ಮಕ್ಕನಿಗೂ ನಡುದಾರಿ. ಗೌರಿ ಹಬ್ಬಕ್ಕೆ ಎಲ್ಲರೂ ಅಲ್ಲಿ ಸೇರುವುದು ವಾಡಿಕೆ. ಏಕೀಕರಣದ ಹಿಂದಿನ ವರ್ಷ ನಾನೂ ಅಕ್ಕನ ಗಂಡನೂ ಮಾತು ಬಿಟ್ಟಿದ್ದೆವು. ಕಾರಣವನ್ನು ಇದ್ದಂತೆಯೇ ಹೇಳುತ್ತೇನೆ. ಆ ಯುಗಾದಿಗೆ ಅವರ ಮನೆಯಲ್ಲಿ ನಾನು ಊಟಕ್ಕೆ ಕುಳಿತಿದ್ದೆ. ಎಲೆಗೆ ಉಪ್ಪು, ಕೋಸಂಬರಿ ಬಿದ್ದಿತ್ತು. ತಡವಾಗಿ ಬಂದ ಅರಿಸಿನದ ವ್ಯಾಪಾರಿಯೊಬ್ಬನಿಗಾಗಿ ಭಾವ ನನ್ನನ್ನು ಎಬ್ಬಿಸಿದರು. “ನೀನು ಮನೆಯವ್ನು ಕಣಯ್ಯ, ಮುಂದಿನ ಪಂಕ್ತೀಲಿ ಕೂತ್ಕೊ” ಎಂದರು. ಬಡಿಸಿದ ಎಲೆಯಿಂದ ಎಬ್ಬಿಸುವುದು ಎಂಥ ಅವಮಾನವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಉಣ್ಣದೆ ಬಸ್ಸು ಹತ್ತಿದೆ. ಹಬ್ಬದ ದಿನ ಹಸಿದು ಹೊರಟು ತಮ್ಮ ಮನೆಯ ಮಾನ ಕಳೆದೆನೆಂದು ಅವರ ದೂರು. ದೀಪಾವಳಿಗೆ ತವರಿಗೆ ಕಳಿಸುವುದಿಲ್ಲವೆಂದು ಅಕ್ಕನಿಗೆ ಹೇಳಿಬಿಟ್ಟಿದ್ದರು. ಅಕ್ಕ ಅತ್ತೆಯ ಅಡುಗೆಮನೆಯಲ್ಲಿ ಕಾಯಿಹಾಲಿಗೆ ತೆಂಗಿನಕಾಯಿ ತುರಿಯುತ್ತಾ ಅಳುತ್ತಿದ್ದಳು.

ಅತ್ತೆ ನಮ್ಮಿಬ್ಬರಿಗೆ ಕೊಟ್ಟದ್ದು ಶ್ಯಾವಿಗೆ ಒತ್ತುವ ಕೆಲಸ. ಮರದ ಒರಳಿಗೆ ಬಿಸಿ ಹಿಟ್ಟಿನ ಉಂಡೆ ಹಾಕಿ ಭಾವ ಮೇಲಿನಿಂದ ಒತ್ತಬೇಕು. ಕೆಳಗಿಳಿಯುವ ಎಳೆಗೆ ನಾನು ತಟ್ಟೆ ಹಿಡಿದು ಸುತ್ತಿಸಬೇಕು. ತಟ್ಟೆ ತುಂಬಿದಾಗ ‘ನಿಲ್ಲಿಸಿ’ ಎನ್ನಬೇಕು. ನಾನು ಎನ್ನಲಿಲ್ಲ, ಕೆಮ್ಮಿದೆ. ಅವರು ಒತ್ತುತ್ತಲೇ ಹೋದರು. ಎರಡು ತಟ್ಟೆ ಶ್ಯಾವಿಗೆ ಮುದ್ದೆಗಟ್ಟಿ ನೆಲದ ಪಾಲಾಯಿತು.

ಅತ್ತೆ ಬಂದು ನೋಡಿದರು. “ಕೆಮ್ಮಿದ್ರೆ ಶ್ಯಾವ್ಗೆ ನಿಂತದಾ? ಇಟ್ಟು ಆರೋಯ್ತಾ ಅದೆ. ಮಾತಾಡ್ದಿದ್ರೆ ಬುಡಿ, ಎಲ್ರೂ ಬರೀ ಕಾಯಾಲು ಕುಡ್ದು ಮನಗನ” ಎಂದು ಒಲೆಯ ಕಡೆ ಹೋದರು.

ಮೂರನೆಯ ತಟ್ಟೆ ತುಂಬಿತು. ಒಳಗೆ ಅಕ್ಕ ತುರಿಯುವ ಸದ್ದು ನಿಂತಿತ್ತು.

“ಬಾವ, ನಿಲ್ಸಿ” ಎಂದೆ.

“ಇದ್ನ ಆಗ್ಲೇ ಏಳಕ್ಕೆ ನಿನ್ ಗಂಟೇನೋಗ್ತಿತ್ತು?” ಎಂದರು ಭಾವ.

“ಉಂಡ್ಕೊಂಡೋಗು ಅಂತ ಬಸ್ಸತ್ರ ಬಂದು ಕರೆಯಕ್ಕೆ ನಿಮ್ಗೇನೋಗ್ತಿತ್ತು?”

“ಬಂದಿದ್ದೆ ಕಣಯ್ಯ. ಬಸ್ಸು ಒಂಟೋಗಿತ್ತು.”

ಇದು ನನಗೆ ಗೊತ್ತಿರಲಿಲ್ಲ. ತಟ್ಟೆ ಬದಲಾಯಿಸಿ ಹಿಡಿದೆ.

ಊಟಕ್ಕೆ ಭಾವ ತಮ್ಮ ಪಕ್ಕದ ಎಲೆ ತೋರಿಸಿದರು. ಎಬ್ಬಿಸಿದ್ದು ತಪ್ಪಾಯಿತೆಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಅದನ್ನು ನಾನು ಗಮನಿಸಿದೆ. ಆದರೂ ಮೂರು ಸಲ ಬಡಿಸಿಕೊಂಡು ಉಂಡೆ.

ದೀಪಾವಳಿಗೆ ಅಕ್ಕನನ್ನು ಅವರೇ ನಮ್ಮ ಮನೆಗೆ ಕರೆತಂದರು. ದಾರಿಯಲ್ಲಿ ಅತ್ತೆಯನ್ನೂ ಬಸ್ಸು ಹತ್ತಿಸಿಕೊಂಡಿದ್ದರು. ಅತ್ತೆಯನ್ನು ನಾನು ಕಂಡದ್ದು ಅದೇ ಕೊನೆ. ಸಂಕ್ರಾಂತಿಗೆ ಮುಂಚೆಯೇ ಲಿಂಗೈಕ್ಯರಾದರು. ಆ ದೀಪಾವಳಿಯ ಮಧ್ಯಾಹ್ನ ಅತ್ತೆ ಉಂಡು, ನಮ್ಮ ನಡುಮನೆಯ ಚಾಪೆಯ ಮೇಲೆ ಸೆರಗು ಹೊದ್ದು ಮಲಗಿದ್ದರು. ನಾನೂ ಭಾವನೂ ಅಲ್ಲೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಯುಗಾದಿಯ ಪಂಕ್ತಿಯ ವಿಷಯವನ್ನು ಈಗಲಾದರೂ ಇತ್ಯರ್ಥ ಮಾಡಿಕೊಳ್ಳಬೇಕೆಂದು ನಾನು ಮಾತು ತೆಗೆದೆ.

“ಮೆಲ್ಗೆ ಕಣಯ್ಯ, ಅತ್ತೆಮ್ಮ ಮನಗವ್ರೆ” ಎಂದರು ಭಾವ.

ಅವರು ಹೇಳಿದ್ದು ಸರಿಯಾಗಿತ್ತು. ನಾನು ಅಡಿಕೆಯ ತಟ್ಟೆಯನ್ನು ಅವರ ಕಡೆಗೆ ಸರಿಸಿದೆ.