ಅಳಿಸಿದ ಅರ್ಜಿ

ಎರಡು ಪುಟದ ಅರ್ಜಿಯ ಪ್ರಿಂಟ್ ಬೇಕಾಗಿ ಮಂಡ್ಯ ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದೆ.

"ವಾಟ್ಸಾಪ್ ಮಾಡಿ ಸಾರ್," ಎಂದರು ಅಂಗಡಿಯ ಭಾಯಿ.

ಕಂಡವರಿಗೆಲ್ಲ ಫೋನ್ ನಂಬರ್ ಕೊಡುವವನಲ್ಲ ನಾನು. ಪೆನ್‌ಡ್ರೈವ್ ಕೊಟ್ಟೆ. ಮೊದಲ ಪ್ರತಿ ಮಸುಕಾಗಿ ಬಂತು, ಎರಡನೆಯದು ಸರಿಯಾಯಿತು. ಅವರ ಕಂಪ್ಯೂಟರಿನಲ್ಲಿ ಉಳಿದ ಅರ್ಜಿಯನ್ನು ಎದುರಿಗೇ ನಿಂತು ಅಳಿಸಿಸಿದೆ.

"ನಿಮ್ಮ ಅರ್ಜಿ ಇಟ್ಕೊಂಡು ನಾನೇನ್ ಮಾಡ್ಲಿ ಸಾರ್?" ಎಂದು ನಕ್ಕರು.

ಕಾಫಿ ಕುಡಿದು ಬಂದು, ಅಂಗಡಿಯ ಮುಂದೆ ಕೂತಿದ್ದ ಹೆಂಗಸಿನ ಹತ್ತಿರ ಕಡಲೆಕಾಯಿ ಕೊಂಡೆ. ಪೊಟ್ಟಣದ ಮೇಲೆ, ಮಸುಕಾಗಿ, ನನ್ನದೇ ಹೆಸರು, ವಿಳಾಸ.

"ಈ ಕಾಗದ ಎಲ್ಲಿಂದು ತಾಯಿ?"

"ಕೆಟ್ಟೋದ್ ಪೇಪರೆಲ್ಲ ಭಾಯಿ ನಂಗೇ ಕೊಡೋದು ಕಣಣ್ಣ."

"ಇದರ ಇನ್ನೊಂದು ಹಾಳೆ?"

"ಅದ್ರಲ್ಲಿ ಕಟ್ಟುಸ್ಕೊಂಡೋರು ಈಗ್ತಾನೆ ಕೆರಗೋಡು ಬಸ್ ಅತ್ತುದ್ರಲ್ಲ!"

ನನ್ನ ಫೋನ್ ನಂಬರ್ ಇದ್ದದ್ದು ಆ ಹಾಳೆಯಲ್ಲಿ. ಕೆರಗೋಡಿನವರು ಸಭ್ಯರು, ಇದುವರೆಗೆ ಯಾರೂ ಫೋನ್ ಮಾಡಿಲ್ಲ.