ಕೆಂಪು ಪಟ್ಟಿ ಕಟ್ಟಿದ ಬಾಗಿಲು

ಲಿಂಗಮ್ಮಜ್ಜಿಯನ್ನು ನೀವು ಒಂದು ಸಲವಾದರೂ ನೋಡಬೇಕು. ನಮ್ಮ ಹಾನುಬಾಳಿನಿಂದ ಎರಡು ಮೈಲಿ ಏರಿದರೆ ಒಂದು ಕಾಫಿ ಎಸ್ಟೇಟು, ಅದರ ಒಳಗೆ ಕೆಲಸದವರ ಲೈನು. ಹನ್ನೊಂದು ಮನೆಗಳ ಆ ಸಾಲಿನಲ್ಲಿ ಕೊನೆಯದು ಅವರದು. ವಯಸ್ಸು ಎಷ್ಟು ಅಂತ ಕೇಳಿದರೆ "ಹಲ್ಲು ಎಣಿಸ್ಕೋ" ಅಂತಾರೆ. ಆಲೂರು ಕಡೆಯ ಕುಂದೂರಿನಿಂದ ಮದುವೆಯಾಗಿ ಬಂದವರು, ಗಂಡ ಕುಳ್ಳಯ್ಯ ತೀರಿಕೊಂಡು ಬಹಳ ವರ್ಷವಾಯಿತು. ನಾನು ಅವರ ಅಭಿಮಾನಿ, ಮೊದಲೇ ಹೇಳಿಬಿಡುತ್ತೇನೆ. ಹೊಗಳಿಕೆ ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಎಸ್ಟೇಟಿನಲ್ಲಿ ಅವರ ಕೆಲಸ ಬೋರರ್ ಹುಡುಕುವುದು. ಬೋರರ್ ಅಂದರೆ ಕಾಫಿ ಗಿಡದ ಕಾಂಡದೊಳಗೆ ಕೂತು ಕೊರೆಯುವ ಹುಳ. ಹೊರಗಿನಿಂದ ಗಿಡ ಹಸಿರಾಗಿಯೇ ಇರುತ್ತದೆ, ಕಾಂಡದ ಮೇಲೆ ಸಣ್ಣ ಉಬ್ಬು, ಎಲ್ಲೋ ಎರಡು ಎಲೆ ಹಳದಿ, ಅಷ್ಟೇ. ಬೇರೆಯವರು ಬಗ್ಗಿ, ಸವರಿ, ಕೆರೆದು ನೋಡಿದರೂ ತಪ್ಪಿಹೋಗುವುದನ್ನು ಅಜ್ಜಿ ನಡೆಯುತ್ತಲೇ ಕಂಡುಹಿಡಿಯುತ್ತಾರೆ. ಸೊಂಟದಲ್ಲಿ ಸಿಕ್ಕಿಸಿಕೊಂಡ ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಎಳೆದು ಆ ಗಿಡಕ್ಕೆ ಕಟ್ಟಿ ಮುಂದೆ ಹೋಗುತ್ತಾರೆ. ಹಿಂದೆ ಬರುವ ಗಂಡಾಳುಗಳು ಪಟ್ಟಿ ಕಂಡ ಗಿಡವನ್ನು ಬುಡಸಮೇತ ಕಿತ್ತು ಸುಡುತ್ತಾರೆ. ಮೂವತ್ತು ವರ್ಷ ಇದೇ ಕೆಲಸ. ಅದಕ್ಕೇ ಇರಬೇಕು, ಮನುಷ್ಯರನ್ನೂ ಅವರು ಹಾಗೇ ನೋಡುವುದು. ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಕಾಲಿನಿಂದ ತಲೆಯವರೆಗೆ ಒಮ್ಮೆ ಕಣ್ಣಾಡಿಸುತ್ತಾರೆ.

ಮೊಮ್ಮಗಳು ಶೃತಿ ಅವರ ಜೊತೆಗೇ ಇರುವುದು. ಅವಳ ಅಪ್ಪ ಅಮ್ಮ ವನಗೂರಿನ ಏಲಕ್ಕಿ ತೋಟದಲ್ಲಿ ಕೆಲಸಕ್ಕಿದ್ದಾರೆ. ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲಾ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಹೋಗಿತ್ತು. ಮೇ ಕೊನೆಗೆ ಎರಡನೇ ಪರೀಕ್ಷೆ. ಅದೂ ಹೋದರೆ ಶೃತಿಯೂ ಸೊಂಟಕ್ಕೆ ಕೆಂಪು ಪಟ್ಟಿ ಸಿಕ್ಕಿಸಿಕೊಳ್ಳಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ.

ಅದೇ ಹೊತ್ತಿಗೆ ಐರ್ಲೆಂಡಿನಿಂದ ನಾಲ್ಕು ಜನ ಬಂದಿಳಿದರು. ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳಿಗೆ ಪುಕ್ಕಟೆ ಇಂಗ್ಲಿಷ್ ಕಲಿಸುವುದಕ್ಕೆ. ಕರೆಸಿದವನು ಹಾನುಬಾಳಿನ ವಸಂತ, ಹೋಂಸ್ಟೇ ನಡೆಸುವವನು. ನಾನು ಸಕಲೇಶಪುರದಲ್ಲಿ ಡಿಗ್ರಿ ಓದುವವಳು, ರಜೆಗೆ ಮನೆಗೆ ಬಂದಿದ್ದೆ. "ಮೇಘಾ, ಅವರ ಮಾತನ್ನ ಮಕ್ಕಳಿಗೆ ಕನ್ನಡದಲ್ಲಿ ಹೇಳಮ್ಮ ಸಾಕು" ಅಂದ ವಸಂತ. ನಾನು ಕುಣಿದುಕೊಂಡು ಒಪ್ಪಿಕೊಂಡೆ.

ಮೊದಲ ದಿನ ಲೈನಿಗೆ ಹೋಗಿ ಮಕ್ಕಳ ಹೆಸರು ಬರೆದುಕೊಂಡೆವು. ಆ ನಾಲ್ವರಲ್ಲಿ ನನ್ನ ಜೊತೆ ಬಂದವಳು ಕ್ಲಾರಾ, ಇಪ್ಪತ್ತೆರಡು ವರ್ಷದವಳು, ಮೂಗಿನ ತುಂಬ ಕಂದು ಚುಕ್ಕೆ. ದೊಡ್ಡವರೆಲ್ಲ ತೋಟದಲ್ಲಿದ್ದರು. ಮರುದಿನ ಬೆಳಗ್ಗೆ ಮಕ್ಕಳನ್ನು ಪಾಠಕ್ಕೆ ಶಾಲೆಗೆ ಕರೆದೊಯ್ಯುವ ಜೀಪಿನವನಿಗೆ ಯಾವ ಮನೆ ಮುಂದೆ ಹಾರ್ನ್ ಹೊಡೆಯಬೇಕು ಅಂತ ಗೊತ್ತಾಗಲಿ ಅಂತ, ಮಕ್ಕಳು ಸೇರಿದ ಮೂರು ಮನೆಯ ಚಿಲಕಕ್ಕೆ ಕ್ಲಾರಾ ತನ್ನ ಚೀಲದಿಂದ ತೆಗೆದು ಒಂದೊಂದು ರಿಬ್ಬನ್ ಕಟ್ಟಿದಳು. ಕೆಂಪು ರಿಬ್ಬನ್! ನಾನು ಪಕ್ಕದಲ್ಲೇ ನಿಂತಿದ್ದೆ. ನನಗಾದರೂ ಹೊಳೆಯಬಾರದಿತ್ತೇ?

ಮರುದಿನ ಜೀಪು ಹೋದಾಗ ಒಂದು ಬಾಗಿಲಿಗೂ ರಿಬ್ಬನ್ ಇರಲಿಲ್ಲ. ಒಂದು ಮಗುವೂ ಹೊರಗೆ ಬರಲಿಲ್ಲ. ಲೈನಿನ ಮುಂದೆ ಲಿಂಗಮ್ಮಜ್ಜಿ ಕತ್ತಿ ಹಿಡಿದು ನಿಂತಿದ್ದರು, ಮೂರು ರಿಬ್ಬನ್ನೂ ಕೈಯಲ್ಲಿ.

"ಯಾರ್ ಕಟ್ಟಿದ್ದು ಇದ್ನ?"

"ಗುರುತಿಗೆ ಕಣ್ ಲಿಂಗಮ್ಮ," ವಸಂತ ಜೀಪಿನಿಂದ ಇಳಿಯದೆಯೇ ಹೇಳಿದ.

"ಗುರುತು ಅಂತ ನಂಗೂ ಗೊತ್ತು ಮಾರಾಯ. ಮೂವತ್ತು ವರ್ಷದಿಂದ ನಾನೂ ಗುರುತೇ ಕಟ್ತಿರೋದು. ನಾನ್ ಕಟ್ಟಿದ್ ಗಿಡ ಒಂದಾದ್ರೂ ನಿಂತೈತಾ? ನನ್ ಮನೇಲಿ ಯಾವ್ದನ್ನ ಕೀಳಕ್ಕೆ ಬಂದಿದೀಯ, ಹೇಳು."

ನಾನು ನಕ್ಕುಬಿಟ್ಟೆ. ಅಜ್ಜಿ ನನ್ನ ಕಡೆ ತಿರುಗಿದರು. "ನಗ್ತೀಯಾ? ನೀನಿನ್ನೂ ಹುಟ್ಟಿರ್ಲಿಲ್ಲ ಕಣೇ. ಒಬ್ಬ ಬಂದಿದ್ದ ಹಿಂಗೇ, ಬಿಸ್ಕತ್ ಹಿಡ್ಕಂಡು. ಹೆಣ್ ಮಕ್ಳ ಹೆಸ್ರು ಬರ್ಕಂಡ. ಓದುಸ್ತೀವಿ ಅಂದ. ನಮ್ ಇಂದ್ರಮ್ಮನ್ನ ಕರ್ಕಂಡ್ ಹೋಗ್ಬುಟ್ಟ."

ಇಂದ್ರಮ್ಮ ಅವರ ತಂಗಿಯ ಮಗಳು. ಯಾವುದೋ ಊರಿನ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕಿಸಿಕೊಂಡು ಮೂರು ವರ್ಷ ಇಟ್ಟುಕೊಂಡಿದ್ದರಂತೆ. ಹುಡುಗಿ ಹೇಗೋ ತಪ್ಪಿಸಿಕೊಂಡು ಬಂದಳು. ಬಂದ ಮೇಲೆ ಒಂದು ವರ್ಷ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಇದನ್ನು ಕೇಳಿದ ಮೇಲೆ ನನ್ನ ನಗು ಎಲ್ಲಿ ಹೋಯಿತೋ.

ಅಜ್ಜಿ ಕ್ಲಾರಾಳ ಎದುರು ಹೋಗಿ ನಿಂತು ವಿಚಾರಣೆ ಶುರುಮಾಡಿದರು. ನಡುವೆ ನಾನು.

"ಯಾವೂರು?" ಹೇಳಿದಳು. "ಯಾರ್ ಕಳ್ಸಿದ್ದು?" ತಾನೇ ಬಂದೆ ಅಂದಳು. "ನಿಮ್ಮಪ್ಪ ಏನ್ ಮಾಡ್ತಾನೆ?" ಹಸು ಸಾಕುತ್ತಾರೆ ಅಂದಳು. "ಎಷ್ಟು?"

"ತೊಂಬತ್ತಂತೆ ಅಜ್ಜಿ," ಅಂದೆ.

"ನೋಡ್ದಾ, ಬಾಯ್ ಬಿಟ್ರೆ ಸುಳ್ಳು. ತೊಂಬತ್ ಹಸ ಇರೋಳು ಮನೇಲ್ ಸಗಣಿ ಬಾಚೋದ್ ಬಿಟ್ಟು ಇಲ್ಲಿಗ್ಯಾಕ್ ಬತ್ತಾಳೆ?"

ಶೃತಿ ಬಾಗಿಲ ಹಿಂದಿನಿಂದ ಇಣುಕಿದಳು. "ಅಜ್ಜಿ, ಪರೀಕ್ಷೆ ಐತಲ್ಲ. ನಂಗ್ಯಾರು ಹೇಳ್ಕೊಡ್ತಾರೆ?"

ಅಜ್ಜಿ ಆ ರಿಬ್ಬನ್ನುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಾಜರಿ ಬರೆಯುವ ಎಸ್ಟೇಟ್ ರೈಟರಿಗೆ ಹೇಳಿ ಕಳಿಸಿದರು, ಒಂದು ವಾರ ಕೆಲಸಕ್ಕೆ ಬರುವುದಿಲ್ಲ ಅಂತ. ಆಮೇಲೆ ಕತ್ತಿ ಸಮೇತ ಜೀಪು ಹತ್ತಿ ಶೃತಿಯ ಪಕ್ಕ ಕೂತರು. ಅವರು ಹತ್ತಿದ್ದು ಕಂಡು ಉಳಿದ ಎರಡು ಮನೆಯ ಮಕ್ಕಳೂ ಓಡಿಬಂದು ಹತ್ತಿದರು.

ಶಾಲೆಯ ಕೋಣೆಯ ಹಿಂದಿನ ಬೆಂಚು ಅವರದಾಯಿತು. ಕತ್ತಿ ಕಾಲಡಿ. ಕ್ಲಾರಾ ಮಕ್ಕಳ ಹತ್ತಿರ ಹೋದರೆ ಅಜ್ಜಿಯ ಕುತ್ತಿಗೆ ಉದ್ದವಾಗುತ್ತಿತ್ತು. ಚಾಕೊಲೇಟ್ ಕೊಟ್ಟರೆ ಮೊದಲು ತಾವೇ ಒಂದು ತುಂಡು ಬಾಯಿಗೆ ಹಾಕಿಕೊಂಡು, ಏನೂ ಆಗಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಮಕ್ಕಳಿಗೆ ಬಿಡುತ್ತಿದ್ದರು. ಊಟದ ಬಿಡುವಿನ ಮೊದಲು ಒಂದು ಸಲ, ನಂತರ ಒಂದು ಸಲ ತಲೆ ಎಣಿಸುತ್ತಿದ್ದರು, ತೋಟದಲ್ಲಿ ಹಾಜರಿ ಹಾಕುವ ಹಾಗೆ. ಪಾಪ ಕ್ಲಾರಾ, ಎರಡು ದಿನ ಬೋರ್ಡಿನ ಕಡೆ ತಿರುಗಿ ಬರೆಯಲಿಕ್ಕೇ ಹೆದರಿದಳು.

ಮೂರನೆಯ ದಿನ ಅಜ್ಜಿ ನನ್ನ ಸೆರಗು ಎಳೆದರು. "ಮೇಘಾ, ಮೂರ್ ದಿನದಿಂದ ಹಾಡು, ಚಪ್ಪಾಳೆ, ಕುಣಿತ. ಪುಸ್ತಕ ಯಾವಾಗ್ ತೆಗೀತಾರೆ?"

"ಆಟದ ಜೊತೆ ಕಲಿಸ್ತಾರೆ ಅಜ್ಜಿ."

"ಆ ವಸಂತನ್ನ ನೋಡು. ಮಕ್ಳು ಕುಣಿಯೋವಾಗ ಫೋನ್ ಹಿಡಿತಾನೆ. ನಮ್ ಶೃತಿ ಬರೆಯಕ್ಕೆ ಕೂತ್ರೆ ಫೋನ್ ಜೇಬಿಗ್ ಹಾಕ್ತಾನೆ. ಯಾಕೆ?"

ನಿಜ ಹೇಳುತ್ತೇನೆ, ನಾನೂ ಮೂರು ದಿನ ಅಲ್ಲೇ ಇದ್ದೆ, ನನಗೆ ಕಂಡಿರಲಿಲ್ಲ. ಕ್ಲಾರಾಳನ್ನು ಕೇಳಿದೆ, ಹತ್ತನೇ ಕ್ಲಾಸಿನ ಪರೀಕ್ಷೆ ಇರುವುದು ಗೊತ್ತಾ ಅಂತ. ಯಾವ ಪರೀಕ್ಷೆ ಅಂದಳು. ಇಲ್ಲಿನ ಮಕ್ಕಳಿಗೆ ರಜೆಯಲ್ಲಿ ಬೇಸರ, ಆಡಿಸಿ ನಗಿಸಿ ಎರಡು ಮಾತು ಕಲಿಸಿದರೆ ಸಾಕು ಅಂತ ವಸಂತ ಹೇಳಿದ್ದನಂತೆ. ನಗುವ ಮಕ್ಕಳ ವೀಡಿಯೊ ಹಾಕಿದರೆ ತಾನೇ ಮುಂದಿನ ವರ್ಷ ಇನ್ನೂ ಹತ್ತು ಜನ ಬಂದು ಅವನ ಹೋಂಸ್ಟೇಯಲ್ಲಿ ಉಳಿಯುವುದು?

ಕನ್ನಡದಲ್ಲಿ ಹೇಳಿದಾಗ ಅಜ್ಜಿ ಗೆದ್ದೆ ಅಂತ ಹಿಗ್ಗಲಿಲ್ಲ. "ನಾನ್ ಈ ಗಿಡದಲ್ಲಿ ಹುಳ ಹುಡುಕ್ತಿದ್ದೆ. ಅದು ಪಕ್ಕದ್ ಗಿಡದಲ್ ಐತೆ" ಅಂದರು. ಆಮೇಲೆ ವಸಂತನ ಹತ್ತಿರ ಹೋಗಿ, "ಇವತ್ತಿಂದ ಫೋನ್ ಒಳಗಿಡಪ್ಪ, ಪರೀಕ್ಷೆ ಮುಗಿಯೋಗಂಟ. ಇಲ್ಲಾಂದ್ರೆ ನಿನ್ ಹೋಂಸ್ಟೇ ಗೇಟಿಗೆ ನಾನೊಂದ್ ಪಟ್ಟಿ ಕಟ್ತೀನಿ."

ವಸಂತ ನಗಲು ನೋಡಿದ. ಬೆಂಚಿನಡಿಯ ಕತ್ತಿ ಕಂಡು ಅರ್ಧಕ್ಕೇ ನಿಲ್ಲಿಸಿದ.

ಮರುದಿನ ಅಜ್ಜಿ ಟ್ರಂಕಿನಿಂದ ಶೃತಿಯ ಹಳೆಯ ಉತ್ತರಪತ್ರಿಕೆ ತಂದರು, ಫೆಬ್ರವರಿಯಲ್ಲಿ ಶಾಲೆಯಲ್ಲೇ ಮಾಡಿದ ಪರೀಕ್ಷೆಯದು. ಕ್ಲಾರಾಳ ಮುಂದೆ ಇಟ್ಟು, "ಪೂರ್ತಿ ಗಿಡ ಹೋಗಿರಕ್ಕಿಲ್ಲ. ಎಲ್ಲಿ ಕೊರ್ದೈತೆ ನೋಡು ಅನ್ನು ಅವ್ಳಿಗೆ."

ಕ್ಲಾರಾ ಒಂದೊಂದೇ ಪುಟ ತಿರುವಿದಳು. ಮೊದಲ ಪುಟಗಳು ಪರವಾಗಿಲ್ಲ. ಪತ್ರ ಬರೆಯುವ ಜಾಗ ಬಂತು. ಖಾಲಿ. ಅದರ ಮುಂದಿನ ಪುಟವೂ ಖಾಲಿ. ಮಾರ್ಚಿನ ಪರೀಕ್ಷೆಯಲ್ಲೂ ಹೀಗೇ ಮಾಡಿದೆಯಾ ಅಂತ ಕೇಳಿದ್ದಕ್ಕೆ ಶೃತಿ ತಲೆ ತಗ್ಗಿಸಿದಳು. "ಬರಿಯಕ್ಕೆ ಹೋದ್ರೆ ಎಲ್ಲಾ ತಪ್ಪೇ ಬರುತ್ತೆ ಅನ್ಸುತ್ತೆ ಅಕ್ಕ. ತಪ್ ಬರ್ದು ನಗಿಸ್ಕಳೋದಕ್ಕಿಂತ ಬಿಡೋದೇ ಮೇಲು ಅಂತ ಬುಟ್ಟೆ." ಅಜ್ಜಿ ಸೊಂಟದಿಂದ ಒಂದು ರಿಬ್ಬನ್ ಎಳೆದು ಆ ಖಾಲಿ ಪುಟಗಳ ಮೂಲೆಗೆ ತೂತು ಮಾಡಿ ಕಟ್ಟಿದರು. "ಇದನ್ ಕಿತ್ ಹಾಕಿ" ಅಂದರು.

ಅಲ್ಲಿಂದ ದಿನಕ್ಕೆ ಒಂದು ಪತ್ರ. ಶೃತಿ ಕ್ಲಾರಾಳಿಗೆ ಬರೆಯುವುದು, ಕ್ಲಾರಾ ಉತ್ತರ ಬರೆಯುವುದು. ಅಷ್ಟಕ್ಕೇ ಅಜ್ಜಿಯ ಅನುಮಾನ ಮುಗಿಯಿತು ಅಂದುಕೊಂಡಿರಾ? ಪ್ರತಿ ಪತ್ರವನ್ನೂ ನಾನು ಅವರಿಗೆ ಕನ್ನಡದಲ್ಲಿ ಓದಿ ಹೇಳಬೇಕಿತ್ತು, ಒಂದು ಸಾಲೂ ಬಿಡುವಂತಿಲ್ಲ. ಪಾಠದ ಆರನೇ ದಿನ ಕ್ಲಾರಾ ಬರೆದಿದ್ದಳು: ನಮ್ಮ ಊರಿಗೆ ಬಾ, ನಮ್ಮ ಮನೆಯಲ್ಲೇ ಇರು, ಹಸು ತೋರಿಸುತ್ತೇನೆ. ಆಮಂತ್ರಣ ಪತ್ರ ಅಭ್ಯಾಸವಾಗಲಿ ಅಂತ ಬರೆದಿದ್ದು.

ಅಜ್ಜಿ ಬೆಂಚಿನಿಂದ ಎದ್ದೇಬಿಟ್ಟರು. "ಕರದ್ಲು! ನಾನ್ ಹೇಳ್ಲಿಲ್ವಾ? ಕೊನೆಗೆ ಕರದೇ ಕರದ್ಲು!"

"ಅಜ್ಜಿ, ಇದು ಸುಮ್ಮನೆ ಪಾಠ..."

"ಪಾಠನೋ ಆಟನೋ. ಬರಲ್ಲ ಅಂತ ಬರಿ ಶೃತಿ. ಯಾಕ್ ಬರಲ್ಲ ಅಂತನೂ ಬರಿ. ಒಂದೂ ಬಿಡ್ಬೇಡ."

ಅಜ್ಜಿ ಒಂದೊಂದೇ ಕಾರಣ ಹೇಳುತ್ತ ಹೋದರು. ನಮ್ಮಜ್ಜಿಗೆ ವಯಸ್ಸಾಗಿದೆ. ನಮ್ಮ ಕೋಳಿಗೆ ಕಾಳು ಹಾಕುವವರಿಲ್ಲ. ನಿಮ್ಮೂರು ಯಾವ ದಿಕ್ಕಿಗಿದೆ ಅಂತಲೂ ನಮಗೆ ಗೊತ್ತಿಲ್ಲ. ತೊಂಬತ್ತು ಹಸುವಿನ ಮಾತು ನಮ್ಮ ಲೈನಿನಲ್ಲಿ ಯಾರೂ ನಂಬುವುದಿಲ್ಲ. ಶೃತಿ ನಗು ತಡೆಯಲಾರದೆ ಬರೆಯುತ್ತಲೇ ಇದ್ದಳು. ಎರಡೂವರೆ ಪುಟ! ಪೆನ್ನು ಒಂದು ಸಲವೂ ನಿಲ್ಲಲಿಲ್ಲ. ಕ್ಲಾರಾ ಓದಿ ಬಿದ್ದು ಬಿದ್ದು ನಕ್ಕು, ಏಳು ತಪ್ಪಿಗೆ ಗೆರೆ ಎಳೆದು ವಾಪಸ್ ಕೊಟ್ಟಳು. ಅಜ್ಜಿ ಮಾತ್ರ ನಗಲಿಲ್ಲ.

ಪರೀಕ್ಷೆಯ ದಿನ ಸಕಲೇಶಪುರದ ಬಸ್ಸಿಗೆ ಅಜ್ಜಿಯೂ ಹತ್ತಿ, ಗೇಟಿನ ಹೊರಗೆ ಮೂರು ಗಂಟೆ ನಿಂತೇ ಇದ್ದರು. ಹೊರಗೆ ಬಂದ ಮೊಮ್ಮಗಳಿಗೆ ಒಂದೇ ಪ್ರಶ್ನೆ. "ಖಾಲಿ ಬುಟ್ಯಾ?"

"ಇಲ್ಲ ಅಜ್ಜಿ. ಜಾಗನೇ ಸಾಲ್ಲಿಲ್ಲ."

ಎರಡು ದಿನದ ನಂತರ ಕ್ಲಾರಾ ಮತ್ತು ಜೊತೆಯವರು ಹೊರಟರು. ಅಜ್ಜಿ ಅವಳಿಗೆ ಒಂದು ಡಬ್ಬಿ ಕಾಳುಮೆಣಸು ಕೊಟ್ಟರು. ಕ್ಲಾರಾ ಅಳುತ್ತ ತಬ್ಬಿಕೊಂಡಾಗ ಅಜ್ಜಿ ಕಂಬದ ಹಾಗೆ ನಿಂತಿದ್ದರು, ಕಣ್ಣು ಮಾತ್ರ ಅವಳ ಭುಜದ ಮೇಲಿನಿಂದ ಜೀಪಿನ ಒಳಗಡೆ. ಜೀಪು ತಿರುವು ದಾಟಿದ ಮೇಲೆ ಬೆರಳು ಮಡಿಸುತ್ತ ಮಕ್ಕಳನ್ನು ಎಣಿಸಿದರು. ಎಲ್ಲರೂ ಇದ್ದರು. ಸಮಾಧಾನವಾಗದೆ ಇನ್ನೊಮ್ಮೆ ಎಣಿಸಿದರು.

ಶೃತಿ ನಲವತ್ತೊಂದು ತೆಗೆದು ಪಾಸಾದಳು. ಹಾಸನದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಹೊರಡುವ ಬೆಳಗ್ಗೆ ನಾನು ಲೈನಿಗೆ ಹೋದಾಗ ಅಜ್ಜಿ ಟ್ರಂಕಿನ ಹಿಡಿಗೆ ಉಳಿದಿದ್ದ ಎರಡು ರಿಬ್ಬನ್ನನ್ನೂ ಸೇರಿಸಿ ಗಂಟು ಹಾಕುತ್ತಿದ್ದರು.

"ಇದೇನಜ್ಜಿ, ನೀವೇ ಕಟ್ತಾ ಇದೀರಾ?"

"ಹಾಸ್ಟೆಲ್ಲಲ್ಲಿ ಎಲ್ಲಾ ಟ್ರಂಕೂ ಒಂದೇ ಥರ ಇರ್ತಾವಂತಲ್ಲ" ಅಂದರು. ಗಂಟನ್ನು ಎರಡು ಸಲ ಎಳೆದು ನೋಡಿದರು. "ನಾನ್ ಅವತ್ತೇ ಹೇಳ್ದೆ ಮೇಘಾ. ಪಟ್ಟಿ ಕಟ್ಟಿದ್ ಗಿಡ ನಮ್ ತೋಟದಲ್ ನಿಲ್ಲಲ್ಲ ಅಂತ."

ಟ್ರಂಕಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಶೃತಿ.

ಹಾಸನದಲ್ಲಿ ಹಾಸ್ಟೆಲ್ ವಾರ್ಡನ್ ಸುಲೋಚನಮ್ಮ ನಗುನಗುತ್ತಾ ಎದುರು ಬಂದು, "ಬನ್ನಿ ಅಜ್ಜಿ, ಬನ್ನಿ, ಕೂತ್ಕೊಳ್ಳಿ" ಅಂದರು. ಅಜ್ಜಿ ಕೂರಲಿಲ್ಲ. ಅವರನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದರು.

"ನಿಮ್ದು ಯಾವೂರಾಯ್ತು?" ಅಂದರು. "ನಿಮ್ಮಪ್ಪ ಏನ್ ಮಾಡ್ತಾರೆ?"