ತೊಡೆ ತಟ್ಟಿದ ಸದ್ದು

ಭಾನುವಾರವಾದರೂ ನಲ್ಲಿಗೆ ರಜೆಯಿರಲಿಲ್ಲ. ವಿಮಾನಪುರದ ನಮ್ಮ ಕ್ವಾರ್ಟರ್ಸ್‌ನಲ್ಲಿ ಆಗ ನೀರು ನಸುಕಿನಲ್ಲಿ ಬಂದು, ಹಾಲಿನವನು ಗೇಟು ತಟ್ಟುವ ಹೊತ್ತಿಗೆ ನಿಂತುಹೋಗುತ್ತಿತ್ತು. ಎದ್ದು ಡ್ರಮ್ಮು ತುಂಬಿಸಿದೆ. ಕೊಳಗದ ಬಾಯಿಗೆ ಬಟ್ಟೆ ಕಟ್ಟಿ ಕುಡಿಯುವ ನೀರು ಸೋಸಿದೆ. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಓವರ್‌ಟೈಮ್ ಇತ್ತು. ಅವರ ಡಬ್ಬಿ ಕಟ್ಟಿ ಸೈಕಲ್ಲಿಗೆ ಸಿಕ್ಕಿಸಿ ಕಳಿಸಿದ ಮೇಲೆ, ನೀಲಗಿರಿ ಎಣ್ಣೆಯ ಶೀಶೆ ತೆಗೆದುಕೊಂಡು ತಮ್ಮನನ್ನು ಕರೆದೆ.

ಹೊಸ್ತಿಲ ಮೇಲೆ ಕೂರಬೇಡ ಎಂದರೆ ಕೇಳುವವನಲ್ಲ. ಅಲ್ಲೇ ಬೆನ್ನು ತೋರಿಸಿ ಕೂತ. ಆ ತಿಂಗಳೆಲ್ಲ ಅವನ ಕತ್ತಿಗೆ ಎಣ್ಣೆ ತಿಕ್ಕುವುದು ನನ್ನ ಬೆಳಗಿನ ಕೆಲಸಗಳಲ್ಲಿ ಒಂದಾಗಿತ್ತು. ಕತ್ತು ಎಡಭುಜಕ್ಕೆ ಸೇರುವಲ್ಲಿ ನೆಲ್ಲಿಕಾಯಿಯಂಥ ಗಂಟು. ಅಲ್ಲಿ ಬೆರಳಿಟ್ಟರೆ ಅವನು ಉಸಿರು ಹಿಡಿಯುತ್ತಿದ್ದ, ಮಾತಾಡುತ್ತಿರಲಿಲ್ಲ.

"ಬೆರಳು ಇನ್ನೂ ಜೋಮು ಹಿಡಿಯತ್ತಾ?"

"ಕಿರುಬೆರಳು ಒಂದೇ ಕಣಕ್ಕ. ಅದನ್ನಿಟ್ಕೊಂಡು ನಾನೇನು ವೀಣೆ ನುಡಿಸ್ಬೇಕಾ?"

"ಡಾಕ್ಟ್ರು ಏನಂದ್ರು?"

"ಕತ್ತಿನ ಮೇಲೆ ಬೀಳ್ಬೇಡ ಅಂದ್ರು. ಬೀಳಲ್ಲ. ಎಲ್ಲಾ ಮಾತಾಗಿದೆ."

"ಇವತ್ತೊಂದಿನ ಬಿಡೋಕಾಗಲ್ವೇನೋ?"

"ಗೆಲ್ಲೋನು ನಾನು ಅಂತ ಆಗಿದೆ. ಗೆಲ್ಲೋನೇ ಮನೇಲಿ ಕೂತ್ರೆ ಹೆಂಗಕ್ಕ?"

ಆ ಕುಸ್ತಿಯಲ್ಲಿ ಎಲ್ಲವೂ ಹಾಗೆ ಮೊದಲೇ ಮಾತಾಗಿರುತ್ತಿತ್ತು. ಕೇಬಲ್ ಟೀವಿ ಮನೆಮನೆಗೂ ಬಂದ ಕಾಲ. ಮೈಗೆ ಎಣ್ಣೆ ಬಳಿದುಕೊಂಡ ವಿದೇಶಿ ಪೈಲ್ವಾನರು ಒಬ್ಬರನ್ನೊಬ್ಬರು ಕುರ್ಚಿಯಲ್ಲಿ ಹೊಡೆಯುವುದನ್ನು ನೋಡಿ, ಹಲಸೂರು ಮತ್ತು ಶಿವಾಜಿನಗರದ ಜಿಮ್ ಹುಡುಗರು ತಾವೂ ಅಂಥದ್ದೊಂದು ಟೂರ್ನಮೆಂಟ್ ಮಾಡುವುದೆಂದು ಹೊರಟರು. ಹಿಂದೆ ಯಾವ ಸಂಘವೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. ಅವರೇ ಆಡುವವರು, ಅವರೇ ಪೋಸ್ಟರ್ ಅಂಟಿಸುವವರು.

ನಾನು ಅಲ್ಲಿಗೆ ಹೋಗಬೇಕಾದದ್ದು ಅಕ್ಕನಾಗಿ ಮಾತ್ರವಲ್ಲ. ಇಂದಿರಾನಗರದ ಕಡೆ ಮನೆಗಳಿಗೆ ಪುಕ್ಕಟೆ ಹಂಚುತ್ತಿದ್ದ ಒಂದು ಇಂಗ್ಲಿಷ್ ವಾರಪತ್ರಿಕೆಗೆ ನಾನು ಶಾಲಾ ನಾಟಕಗಳ, ಹೂವಿನ ಪ್ರದರ್ಶನಗಳ ಮೇಲೆ ಬರೆದುಕೊಡುತ್ತಿದ್ದೆ. ಸಂಪಾದಕರು ಈ ಪಂದ್ಯಗಳ ವಿಮರ್ಶೆಯನ್ನೂ ನನಗೇ ಒಪ್ಪಿಸಿದರು. "ಇದೂ ಒಂದು ನಾಟಕಾನೇ ಅಲ್ವೇ ಮೇಡಂ," ಎಂದರು. ಆ ವಿಮರ್ಶೆ ಅಚ್ಚಾಗಲಿಲ್ಲ. ಆವತ್ತು ಕಂಡದ್ದು ಕಂಡ ಹಾಗೇ ನೆನಪಿದೆ, ಈಗ ಬರೆಯುತ್ತಿದ್ದೇನೆ.

ಕುಸ್ತಿ ನನಗೆ ಹೊಸದಲ್ಲ. ನಮ್ಮ ಅಪ್ಪ ಹಲಸೂರಿನಲ್ಲಿ ಗರಡಿ ನಡೆಸುತ್ತಿದ್ದರು. ನನ್ನನ್ನು ಕಂಟೋನ್ಮೆಂಟಿನ ಕಾನ್ವೆಂಟಿಗೆ ಹಾಕಿದ್ದರು, ತಮ್ಮನನ್ನು ಮಟ್ಟಿಗೆ. ಮಟ್ಟಿ ಎಂದರೆ ಗರಡಿಯ ಕೆಂಪು ಮಣ್ಣು. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ಯೂನಿಫಾರಂ ಬಿಚ್ಚದೆ ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಿದ್ದೆ. ಅಪ್ಪ ಪಟ್ಟುಗಳನ್ನು ಕಲಿಸುವ ಮೊದಲು ಎರಡು ಮಾತು ಕಲಿಸುತ್ತಿದ್ದರು. ನೋವಾದರೆ ಬಾಯಿ ಬಿಡಬಾರದು. ಬಿದ್ದವನು ಎದ್ದ ತಕ್ಷಣ ತೊಡೆ ತಟ್ಟಬೇಕು. ತಟ್ಟದೆ ಎದ್ದರೆ ಗರಡಿಗೇ ಅವಮಾನ. ನನ್ನ ತಮ್ಮ ಇನ್ನೂ ಸರಿಯಾಗಿ ನಡೆಯಲು ಬಾರದ ವಯಸ್ಸಿನಲ್ಲಿ, ಅಂಗಳದಲ್ಲಿ ಮುಗ್ಗರಿಸಿ ಬಿದ್ದರೂ ಎದ್ದು ತೊಡೆ ತಟ್ಟುತ್ತಿದ್ದ. ಅಮ್ಮ ಮಂಡಿಯ ರಕ್ತ ಒರೆಸುತ್ತಲೇ ನಗುತ್ತಿದ್ದರು. ಅಪ್ಪ ಹೋದ ಮೇಲೆ ಗರಡಿ ಹೋಯಿತು, ಆ ಜಾಗದಲ್ಲಿ ಟೈಲ್ಸ್ ಅಂಗಡಿ ಬಂತು. ತೊಡೆ ತಟ್ಟುವುದು ಮಾತ್ರ ಇವನಲ್ಲಿ ಉಳಿಯಿತು.

ಇಡ್ಲಿ ಇಳಿಸುವ ಹೊತ್ತಿಗೆ ಅವನ ಗೆಳೆಯ ಬಂದ. ಶಿವಾಜಿನಗರದ ಒಂದು ಜಿಮ್ಮಿನಲ್ಲಿ ಕಲಿಸುತ್ತಿದ್ದವನು, ಫೈನಲ್ಲಿನಲ್ಲಿ ತಮ್ಮನಿಗೆ ಎದುರಾಳಿ. ಅಕ್ಕ ಎನ್ನಲು ನನಗೆ ಆಪಾ ಎನ್ನುತ್ತಿದ್ದ. ಅವನದು ರಾಕ್ಷಸನ ಪಾತ್ರ; ಮುಖಕ್ಕೆ ಹಾಕುವ ಮುಸುಕನ್ನು ನನ್ನ ಹಳೆಯ ಕಪ್ಪು ಲಂಗದ ಬಟ್ಟೆಯಲ್ಲಿ ನಾನೇ ಹೊಲಿದುಕೊಟ್ಟಿದ್ದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ತಂದಿದ್ದ.

"ಆಪಾ, ಮುಖ ಯಾಕೆ ಹಿಂಗಿದೆ? ಇವ್ನು ಏನಾದ್ರೂ ಅಂದ್ನಾ?"

"ಇವನ ಕತ್ತು ನಿಂಗೆ ಗೊತ್ತಲ್ಲಪ್ಪ."

"ಗೊತ್ತು ಆಪಾ. ನಾನು ಎತ್ತಿ ಹಾಕೋದು ಒಂದೇ ಸಲ, ಅದೂ ಬೆನ್ನಿಗೆ. ಬೆನ್ನು ಇವ್ನದು ಕಲ್ಲು."

"ತಲೇನೂ ಅಷ್ಟೇ," ಎಂದೆ.

"ಅದು ಗ್ಯಾರಂಟಿ," ಎಂದು ಅವನು ನಕ್ಕ. ಆಮೇಲೆ ನಗು ಬಿಟ್ಟು, ತಮ್ಮನ ಮಣಿಕಟ್ಟು ಹಿಡಿದು ತೋರಿಸಿದ. "ಎತ್ತೋಕೆ ಮುಂಚೆ ಹಿಂಗೆ ಒತ್ತಿ ಕೇಳ್ತೀನಿ. ಅವ್ನು ವಾಪಸ್ ಒತ್ತಿದ್ರೆ ಸರಿ. ಒತ್ತಿಲ್ಲ ಅಂದ್ರೆ ಬಿಟ್ಬಿಡ್ತೀನಿ, ಜನಕ್ಕೆ ಕಾಣಲ್ಲ. ಇನ್ನೊಂದು ಮಾತು ಆಪಾ, ಇವ್ನು ಅಲ್ಲಿ ಅಯ್ಯೋ ಅಮ್ಮಾ ಅಂತ ಕೂಗ್ತಾ ಇದ್ರೆ ಚೆನ್ನಾಗಿದಾನೆ ಅಂತ ತಿಳ್ಕೊಳ್ಳಿ. ಕೂಗೋದೇ ನಮ್ಮ ಕೆಲಸ."

"ಮಗಾ, ನೀನು ಬಂದಿದ್ದು ಇಡ್ಲಿಗೋ ಭಾಷಣಕ್ಕೋ?" ಎಂದ ತಮ್ಮ.

ಮಧ್ಯಾಹ್ನ ಬಸ್ಸಿನಲ್ಲಿ ಹಲಸೂರಿಗೆ ಹೋದೆ. ಸಮುದಾಯ ಭವನದಲ್ಲಿ ಹಿಂದಿನ ದಿನ ಯಾರದೋ ಆರತಕ್ಷತೆ ಆಗಿತ್ತು. ಗೋಡೆಯ ಮೇಲೆ ಥರ್ಮಕೋಲಿನ ಎರಡು ಹೃದಯಗಳು ಹಾಗೇ ಇದ್ದವು, ಹೆಸರು ಕಿತ್ತಿದ್ದರು. ಖಾಲಿ ಡಾಂಬರು ಪೀಪಾಯಿಗಳ ಮೇಲೆ ಹಲಗೆ ಹಾಸಿ, ಜಿಮ್ಮಿನ ಹಾಸಿಗೆಗಳನ್ನಿಟ್ಟು, ಟಾರ್ಪಾಲಿನ್ ಬಿಗಿದು ರಿಂಗ್ ಮಾಡಿದ್ದರು. ಸುತ್ತಲೂ ಕೆಂಪು ಬಟ್ಟೆ ಸುತ್ತಿದ ತೆಂಗಿನ ಹಗ್ಗ. ನಾನು ಮೊದಲ ಸಾಲಿನಲ್ಲಿ, ಪೆನ್ಸಿಲ್ ಹಿಡಿದು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತೆ. ನನ್ನನ್ನು ಬಿಟ್ಟರೆ ಹೆಂಗಸರು ಹಿಂದೆಲ್ಲೋ ಒಬ್ಬಿಬ್ಬರು.

ಮೊದಲ ಪಂದ್ಯ ಒಬ್ಬ ದಪ್ಪನೆಯವನಿಗೂ ಒಬ್ಬ ಸಣಕಲನಿಗೂ. ದಪ್ಪನೆಯವನು ಪ್ರತಿ ಏಟಿಗೂ ಮೊದಲು ಜನರ ಕಡೆ ನೋಡುತ್ತಿದ್ದ. ಏಟು ಬೀಳುವ ಮೊದಲೇ ಸಣಕಲ ಬೀಳುತ್ತಿದ್ದ. ಕಾನ್ವೆಂಟಿನ ನಮ್ಮ ಸಿಸ್ಟರ್ ಶಾಲೆಯ ನಾಟಕ ಕಲಿಸುವಾಗ ಹೇಳುತ್ತಿದ್ದ ಮಾತು ನೆನಪಾಯಿತು: ಬಾಗಿಲು ತಟ್ಟುವ ಮೊದಲೇ ತೆರೆಯಲು ಓಡಬೇಡಿ. ಅದನ್ನೇ ಬರೆದುಕೊಂಡೆ. ಎರಡನೆಯದು ಕೆ.ಆರ್. ಪುರದ ಇಬ್ಬರು ಅಣ್ಣತಮ್ಮಂದಿರದು. ಅವರದು ನಿಜವಾಗಿ ಚೆನ್ನಾಗಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರ ಹೊಂದಿಕೆ. ಒಬ್ಬನು ಹಾರುವ ಕಡೆಗೆ ಇನ್ನೊಬ್ಬ ನೋಡದೆಯೇ ಕೈ ಚಾಚುತ್ತಿದ್ದ. ಅವರಲ್ಲಿ ಕಿರಿಯವನು ಹಿರಿಯವನನ್ನು ನನ್ನ ಬಲಗಡೆಯ ಮೂಲೆಯಲ್ಲಿ ಕೆಡವಿದಾಗ ಕೆಳಗೆ ಹಲಗೆ ಕುಸಿದ ಸದ್ದಾಯಿತು. ಟಾರ್ಪಾಲಿನ್ ಅಲ್ಲಿ ಗುಳಿಬಿತ್ತು.

ಆಮೇಲೆ ನನ್ನ ತಮ್ಮ ಬಂದ. ಅವನಿಗೆ ಗರಡಿ ಪೈಲ್ವಾನನ ಪಾತ್ರ, ಅಪ್ಪನ ಹಳೆಯ ಕೆಂಪು ರುಮಾಲು. ತೊಡೆ ತಟ್ಟಿದರೆ ಭವನವೆಲ್ಲ ಅವನೊಡನೆ ತೊಡೆ ತಟ್ಟುತ್ತಿತ್ತು. ಅಕ್ಕನ ಕಣ್ಣು ಬದಿಗಿಟ್ಟು ನೋಡಿದರೂ ಅವನದು ಒಳ್ಳೆಯ ಕೆಲಸ. ಬಿದ್ದಾಗಲೆಲ್ಲ ಗಂಟಲು ಹರಿಯುವ ಹಾಗೆ "ಅಯ್ಯಯ್ಯೋ ಅಮ್ಮಾ" ಎಂದು ಕೂಗುತ್ತಿದ್ದ. ಅಮ್ಮ ಎಂದಾಗ ನನ್ನ ಕಡೆ ನೋಡಿ ಒಂದು ಹುಬ್ಬು ಏರಿಸಿದ. ಸೆಮಿಫೈನಲ್ಲಿನಲ್ಲಿ ಹೊಂಬಣ್ಣದ ವಿಗ್ಗು ಹಾಕಿದವನೊಬ್ಬನನ್ನು ಗೆದ್ದ. ವಿಗ್ಗು ಕಳಚಿ ಅವನ ಕೈಯಲ್ಲೇ ಉಳಿದಾಗ ಅದನ್ನು ತನ್ನ ತಲೆಗೆ ಇಟ್ಟುಕೊಂಡು ಸಲಾಮು ಮಾಡಿದ. ನಾನೂ ನಕ್ಕೆ. ಹಿಂದಿನ ಸಾಲಿನ ಯಾರೋ, "ಗುರು, ಈ ಹೈದ ಸಿನಿಮಾಗೆ ಹೋಗ್ಬೇಕು," ಎಂದರು.

ವಿರಾಮದಲ್ಲಿ ಸಂಘಟಕನ ಹತ್ತಿರ ಹೋದೆ. ಮೈಕಿನಲ್ಲಿ ವಿವರಣೆ ಕೊಡುತ್ತಿದ್ದವನೂ ಅವನೇ. "ಆ ಮೂಲೇಲಿ ಹಲಗೆ ಕುಸಿದಿದೆ. ಸರಿ ಮಾಡಿಸಿ," ಎಂದೆ.

"ಅದು ಸ್ಪ್ರಿಂಗ್ ಥರ ಮೇಡಂ, ಬಿದ್ದೋರಿಗೆ ಒಳ್ಳೇದೇ," ಎಂದು ಅವನು ಸೋಡಾ ಬಾಟಲಿ ಕೆಳಗಿಟ್ಟು ಮತ್ತೆ ಮೈಕು ಹಿಡಿದ.

ತಮ್ಮನಿಗೆ ಹೇಳೋಣವೆಂದು ಹಿಂಬಾಗಿಲಿಗೆ ಹೋದೆ. ಹೆಂಗಸರಿಗೆ ಪ್ರವೇಶವಿಲ್ಲ, ಬಟ್ಟೆ ಬದಲಾಯಿಸುತ್ತಿದ್ದಾರೆ ಎಂದರು. "ಬಲಗಡೆ ಮೂಲೆಗೆ ಹೋಗ್ಬೇಡ ಅಂತ ಹೇಳಿ" ಎಂದು ಬಾಗಿಲಲ್ಲಿ ನಿಂತವನಿಗೆ ಹೇಳಿದೆ. ಅವನು ತಲೆಯಾಡಿಸಿದ. ನನ್ನ ಬಲವೋ, ರಿಂಗಿನ ಒಳಗಿನವರ ಬಲವೋ ಎಂದು ಅವನು ಕೇಳಲಿಲ್ಲ.

ಫೈನಲ್ ಚೆನ್ನಾಗಿಯೇ ಶುರುವಾಯಿತು. ಮುಸುಕಿನ ರಾಕ್ಷಸ ಹಲ್ಲು ಕಡಿದ, ತಮ್ಮ ಕೂಗಿದ, ಜನ ಬೈದರು. ಆಮೇಲೆ ಮಾತಾದ ಹಾಗೆ ಗೆಳೆಯ ಅವನ ಮಣಿಕಟ್ಟು ಹಿಡಿದ. ಅವನ ಹೆಬ್ಬೆರಳು ಒತ್ತುವುದನ್ನೂ, ತಮ್ಮನ ಬೆರಳುಗಳು ಮರಳಿ ಒತ್ತುವುದನ್ನೂ ನಾನು ಕಂಡೆ. ಎತ್ತಿದ. ಬೆನ್ನಿಗೇ ಹಾಕಿದ. ಆದರೆ ಹಾಕಿದ್ದು ಆ ಮೂಲೆಯಲ್ಲಿ. ಹಲಗೆ ಒಳಗೆ ಹೋಯಿತು, ಬೆನ್ನು ತಾಗುವ ಮೊದಲು ಎಡಭುಜವೂ ಕತ್ತೂ ಮಡಚಿಕೊಂಡವು.

ತಮ್ಮ ಕೂಗಲಿಲ್ಲ.

ಅಷ್ಟು ಗದ್ದಲದ ನಡುವೆ ಆ ಕೂಗು ಇಲ್ಲದ್ದು ಯಾರ ಕಿವಿಗೆ ಬೀಳಬೇಕು? ನನಗೆ ಕೇಳಿಸಿತು. ಅವನ ಬಾಯಿ ಬಿಗಿಯಾಗಿ ಮುಚ್ಚಿತ್ತು. ಗೆಳೆಯನಿಗೂ ಏನೋ ಅನ್ನಿಸಿರಬೇಕು. ಬಗ್ಗಿ ಎಡ ಮಣಿಕಟ್ಟು ಒತ್ತಿದ, ಮತ್ತೆ ಒತ್ತಿದ, ಕೈಬಿಟ್ಟು ಹಿಂದೆ ಸರಿದು ರೆಫರಿಯ ಕಡೆ ನೋಡಿದ. ಅಲ್ಲಿಗೆ ಮುಗಿಯಬೇಕಿತ್ತು.

ನನ್ನ ತಮ್ಮ ಎದ್ದ. ಎಡಗೈ ಒದ್ದೆ ಬಟ್ಟೆಯ ಹಾಗೆ ಜೋತಿತ್ತು. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಬಲಗೈಯಿಂದ ತೊಡೆ ತಟ್ಟಿದ.

ಅದು ಆಟದ್ದಲ್ಲ, ಅಪ್ಪನ ಅಂಗಳದ್ದು. ಗೆಳೆಯನಿಗೆ ಆ ಅಂಗಳ ಗೊತ್ತಿರಲಿಲ್ಲ. ಆಡುವವನೇ ತೊಡೆ ತಟ್ಟಿದ ಮೇಲೆ, ಸರಿಯಾಗಿದ್ದಾನೆ, ಇನ್ನೊಂದು ಸಲ ಎತ್ತು ಎನ್ನುತ್ತಿದ್ದಾನೆ ಎಂದೇ ಅವನು ತಿಳಿದದ್ದು. ಭವನವೆಲ್ಲ ತೊಡೆ ತಟ್ಟಿತು.

ನಾನು ಎದ್ದು ಓಡಿದೆ. ಹಗ್ಗದ ಕೆಳಗೆ ನುಗ್ಗಿ, ಹಲಗೆಯ ಮೇಲೆ ಮಂಡಿಯೂರಿ, "ಬಿಡು, ಅವನಿಗೆ ಕೈ ಇಲ್ಲ, ಬಿಡು," ಎಂದು ಕಿರುಚಿದೆ. ಮೈಕು ಕೂಡಲೇ, "ನೋಡಿ, ನೋಡಿ, ಪೈಲ್ವಾನರ ಅಕ್ಕ ಬಂದ್ರು, ಅಕ್ಕ ಬಂದ್ರು," ಎಂದಿತು. ಶಿಳ್ಳೆ ಬಿತ್ತು. ರೆಫರಿ ನಗುತ್ತಾ ನನಗೆ ಕೈಮುಗಿದು, ಇದೂ ಮಾತಾಗಿದೆ ಎಂದುಕೊಂಡು ಪಕ್ಕಕ್ಕೆ ಸರಿದ. ನಾನು ಗೆಳೆಯನ ಕಾಲು ಹಿಡಿಯುವಷ್ಟರಲ್ಲಿ ಅವನು ತಮ್ಮನನ್ನು ಸೊಂಟದ ಮಟ್ಟಕ್ಕೆ ಎತ್ತಿ ಹಾಕಿಯಾಗಿತ್ತು.

ಬಿದ್ದವನು ಈ ಸಲ ಎದ್ದೇಳಲಿಲ್ಲ. ಗೆಳೆಯ ನನ್ನ ಮುಖ ನೋಡಿದ, ಅವನ ಮುಖ ನೋಡಿದ, ಮುಸುಕು ಕಿತ್ತು ಎಸೆದ. ನಾನು ಹೊಲಿದ ದಾರ ಕಿವಿಯ ಹತ್ತಿರ ಬಿಚ್ಚಿಕೊಂಡದ್ದು ಕಂಡಿತು. "ಡಾಕ್ಟ್ರು ಯಾರಾದ್ರೂ ಇದೀರಾ? ನಿಜವಾಗ್ಲೂ ಕೇಳ್ತಿದೀನಿ," ಎಂದ. ರಾಕ್ಷಸ ಮುಸುಕು ತೆಗೆದು ಡಾಕ್ಟರನ್ನು ಕೇಳಿದ್ದು ಜನರಿಗೆ ಬಹಳ ಹಿಡಿಸಿತು. ಬೆಂಚಿನ ಮೇಲೆ ಮಲಗಿಸಿ ಹೊತ್ತುಕೊಂಡು ಹೋಗುವಾಗಲೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆಲ್ಲುವವನು ಇವನೇ ಎಂದು ಮೊದಲೇ ಆಗಿತ್ತಲ್ಲ. ಯಾರೋ ಬಹುಮಾನದ ಕಪ್ಪನ್ನು ತಂದು ನನ್ನ ಕೈಗೆ ಹಿಡಿಸಿದರು. ಕೆಳಗಿಡಲು ಜಾಗ ಹುಡುಕಲಿಲ್ಲ, ಹಿಡಿದುಕೊಂಡೇ ವ್ಯಾನು ಹತ್ತಿದೆ.

ಆಸ್ಪತ್ರೆಯಲ್ಲಿ ಕತ್ತಿಗೆ ಪಟ್ಟಿ ಹಾಕಿ, ಎರಡೂ ಕಡೆ ಮರಳಿನ ಚೀಲ ಇಟ್ಟು ಮಲಗಿಸಿದರು. ಡಾಕ್ಟರು ಪೆನ್ನಿನ ತುದಿಯಿಂದ ಎಡ ಅಂಗೈ ಚುಚ್ಚುತ್ತ, "ಗೊತ್ತಾಗತ್ತಾ? ಇಲ್ಲಿ?" ಎನ್ನುತ್ತಿದ್ದರು. ನನ್ನ ತಮ್ಮ ಛಾವಣಿಯ ಕಡೆ ನೋಡುತ್ತ, "ಆಗತ್ತೆ ಸಾರ್," ಎಂದ. ಆಗ ಡಾಕ್ಟರು ಚುಚ್ಚುತ್ತಿರಲಿಲ್ಲ. ಪೆನ್ನು ಜೇಬಿಗೆ ಹೋಗಿತ್ತು. ಆ ಕೈ ಮುಂದೆಂದೂ ಭುಜದ ಮಟ್ಟಕ್ಕೆ ಏಳಲಿಲ್ಲ. ಈಗಲೂ ಅವನ ಅಂಗಿಯ ಗುಂಡಿಗಳನ್ನು ಬಲಗೈ ಒಂದೇ ಹಾಕುತ್ತದೆ.

ಗೆಳೆಯ ಕಾರಿಡಾರಿನಲ್ಲಿ ನೆಲದ ಮೇಲೆ ಕೂತಿದ್ದ. "ಅವ್ನೇ ತಟ್ಟಿದ್ನಲ್ಲ ಆಪಾ," ಎಂದ. ಉತ್ತರ ನನ್ನ ಹತ್ತಿರ ಇತ್ತು, ಆದರೆ ಅದನ್ನು ಅಪ್ಪನಿಂದ ಶುರುಮಾಡಬೇಕಿತ್ತು. ಅವನ ತಲೆಯ ಮೇಲೆ ಕೈಯಿಟ್ಟೆ. ನಮ್ಮ ಯಜಮಾನರು ಬಂದ ಮೇಲೆ, ರಾತ್ರಿಗೆ ಬೇಕಾದ ಹೊದಿಕೆ, ಚೊಂಬು ತರಲು ಮನೆಗೆ ಹೊರಟೆ.

ವಿಮಾನಪುರದಲ್ಲಿ ದೀಪ ಹಚ್ಚುವ ಹೊತ್ತು. ಬೆಳಿಗ್ಗೆ ನೀರು ಸೋಸಿದ ಬಟ್ಟೆ ತಂತಿಯ ಮೇಲೆ ಒಣಗಿ ಗರಿಗರಿಯಾಗಿತ್ತು. ಹೊಸ್ತಿಲ ಮೇಲೆ ಎಣ್ಣೆಯ ಕಲೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ, ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ನನ್ನ ಕೈಯಲ್ಲಿದ್ದ ಕಪ್ಪನ್ನು ನೋಡಿದರು.

"ಓ, ಕಪ್ಪೂ ಬಂತಾ," ಎಂದು ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದರು. "ನಮ್ಮನೆಯವ್ರು ಆಗ್ಲೇ ನೋಡ್ಕೊಂಡು ಬಂದ್ರು. ನೀವೂ ಪಾರ್ಟ್ ಮಾಡಿದ್ರಂತಲ್ಲ. ಅಷ್ಟು ಚೆನ್ನಾಗಿ ಅಳೋಕೆ ಬರತ್ತೆ ಅಂತ ಒಂದಿನಾನೂ ಹೇಳ್ಲಿಲ್ಲ ನೋಡಿ."